ಹೊಸ ಮನೆಯ ಮುಗ್ಗಲು ವಾಸನೆ

ನನಗೊಂದು ಕೆಟ್ಟ ಚಟವಿದೆ. ಇಸ್ಪೀಟು, ನಶ್ಯದಂಥ ಚಟವಾಗಿದ್ದರೆ ನನ್ನ ಹೆಂಡತಿ ಗಿರಿಜೆ ನಾಲ್ಕು ಜನರ ಮುಂದೆ ಹೇಳಿಕೊಂಡಾದರೂ ಹಗುರಾಗುತ್ತಿದ್ದಳು. ಇದು ಹೇಳಿಕೊಳ್ಳುವಂಥದ್ದೂ ಅಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ಮೂಗರಳಿಸಿ ಗಾಳಿಯನ್ನು ಮೂಸುತ್ತೇನೆ. ಮೊನ್ನೆ ಕಚೇರಿಯ ಸ್ನೇಹಿತರೊಬ್ಬರು ಊಟಕ್ಕೆ ಕರೆದಿದ್ದರು. ನಾನು ಮೂಸಿದ್ದು ನೋಡಿ ಅವರು ಗಾಬರಿಯಾಗಿ, ಇಲಿ ಸತ್ತಿದೆಯೇನೋ ಎಂದು ಸೋಫಾದ ಅಡಿಗೆ ಬಗ್ಗಿದರು. ಪಾನಕ ತಂದ ಅವರ ಮನೆಯಾಕೆಯೂ ಲೋಟಗಳನ್ನು ಕೆಳಗಿಟ್ಟು ಹುಡುಕತೊಡಗಿದರು. ಆಗಲಾದರೂ ಸುಮ್ಮನಿರಬೇಕಿತ್ತು. ಇಲಿಯಲ್ಲ, ಆ ಮೂಲೆಯ ಗೋಡೆ ಥಂಡಿ ಹಿಡಿದಿದೆ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ ಎಂದುಬಿಟ್ಟೆ. ಬರುವ ದಾರಿಯುದ್ದಕ್ಕೂ ಗಿರಿಜೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಈ ಮೂಗು ಹುಟ್ಟಿನಿಂದ ಬಂದದ್ದಲ್ಲ. ಅರ್ಧ ನೌಕರಿ ಕೊಟ್ಟದ್ದು, ಇನ್ನರ್ಧ ನಮ್ಮ ಅಕ್ಕ ಕೊಟ್ಟದ್ದು. ನೌಕರಿಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಸೊರಬದ ಕಚೇರಿಯೊಂದರಲ್ಲಿ ನಾನು ದಾಖಲೆ ಕೋಣೆಯ ಗುಮಾಸ್ತ. ಹಳೆಯ ಪಹಣಿ, ಖಾತೆ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಮೂಲೆ ಎಳೆದು ಗಂಟು ಹಾಕಿದರೆ ಅದಕ್ಕೆ ದಫ್ತರ ಎನ್ನುತ್ತಾರೆ. ಗಂಟು ಸಡಿಲಾದರೆ ಮಳೆಗಾಲದ ಗಾಳಿ ನುಗ್ಗಿ ಕಾಗದ ಮೆತ್ತಗಾಗಿ ಮುಗ್ಗಲು ಹಿಡಿಯುತ್ತದೆ, ಅದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಬಿಗಿಯಾಗಿದ್ದರೆ ಅಜ್ಜನ ಕಾಲದ ಶಾಯಿಯೂ ನಿನ್ನೆ ಬರೆದ ಹಾಗಿರುತ್ತದೆ. ಮೂವತ್ತೆರಡು ವರ್ಷ ಇದೊಂದನ್ನೇ ಮಾಡಿಕೊಂಡು ಬಂದವನಿಗೆ ಲೋಕದ ಎಲ್ಲ ರೋಗಕ್ಕೂ ಬಿಗಿದು ಕಟ್ಟುವುದೇ ಮದ್ದು ಎನ್ನಿಸಿದರೆ ತಪ್ಪೇನು? ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿ, ಹಾಸಿಗೆಯ ಸುರುಳಿ, ಊರಿಗೆ ಹೊರಟಾಗಿನ ಚೀಲ ಎಲ್ಲವನ್ನೂ ಕಟ್ಟುವವನು ನಾನೇ. ನಾನು ಹಾಕಿದ ಗಂಟು ಬಿಚ್ಚಬೇಕಾದಾಗ ಗಿರಿಜೆ ಸೀದಾ ಕುಡುಗೋಲು ತರುತ್ತಾಳೆ.

ಹೀಗಿರುವ ನಾನು ಒಂದು ಮನೆ ಕಟ್ಟಿಸಿದೆ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಸೊರಬದ ಬಾಡಿಗೆ ಮನೆ ಸಾಕಾಗಿತ್ತು. ಗಿರಿಜೆಯ ತವರಾದ ಶಿರಾಳಕೊಪ್ಪದಲ್ಲಿ, ಅವಳ ತಮ್ಮನ ಮನೆಯಿಂದ ಎರಡು ರಸ್ತೆ ಆಚೆ, ಎರಡು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆಯ ಪುಟ್ಟ ಮನೆ. ವೈಶಾಖದ ಕೊನೆಗೆ ಬಣ್ಣವೂ ಮುಗಿದು, ಜ್ಯೇಷ್ಠದಲ್ಲಿ ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಹೊಸ ಮನೆಯ ಮೊದಲ ಬೆಂಕಿ ಹಾಲಿಗೆ ಸಲ್ಲಬೇಕು. ಹಾಲು ಉಕ್ಕಿ ಚೆಲ್ಲುವವರೆಗೆ ಅಲ್ಲಿ ಇನ್ನಾವ ಒಲೆಯನ್ನೂ ಹಚ್ಚುವಂತಿಲ್ಲ, ಯಾರೂ ಮಲಗುವಂತಿಲ್ಲ. ಆ ಹಾಲು ಉಕ್ಕಿಸುವವಳು ಮನೆಮಗಳು, ಅಂದರೆ ಯಜಮಾನನ ಅಕ್ಕ ಅಥವಾ ತಂಗಿ. ನನಗಿರುವವಳು ಒಬ್ಬಳೇ ಅಕ್ಕ. ಹೊಸಬಾಳೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ, ಎಪ್ಪತ್ತರ ವಯಸ್ಸಿನಲ್ಲೂ ದಿನಕ್ಕೆರಡು ಸಲ ಗದ್ದೆಗೆ ಹೋಗಿ ಬರುತ್ತಾಳೆ. ಕಾಯಿ, ಸೀರೆ ಹಿಡಿದುಕೊಂಡು ನಾವಿಬ್ಬರೂ ಕರೆಯಲು ಹೋದೆವು. ಅಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡಳು, ಮಡಿಲಲ್ಲಿಟ್ಟುಕೊಂಡಳು, ಆಮೇಲೆ ತಲೆ ಅಲ್ಲಾಡಿಸಿದಳು. ಭಾವ ತೀರಿಕೊಂಡು ಆರು ವರ್ಷವಾಗಿತ್ತು.

"ನನ್ನ ಕೈ ಬ್ಯಾಡ ತಮ್ಮಾ," ಎಂದಳು. "ನಾಳೆ ನಿಮ್ಮ ಮನೇಲಿ ಯಾರಿಗಾರ ಒಂದು ಜ್ವರ ಬಂದ್ರೂ, ನಾನು ಒಲೆ ಹಚ್ಚಿದ್ದಕ್ಕೇ ಬಂತು ಅಂತ ನನಗೇ ಅನ್ನಿಸ್ತೈತೆ. ಹಿಂದುಗಡೆ ಕೂತು ಹೋಳಿಗೆ ಲಟ್ಟಿಸ್ತೀನಿ. ಅಷ್ಟು ಸಾಕು."

ಜನ ಏನಂತಾರೆ ಎಂದಿದ್ದರೆ ವಾದ ಮಾಡಬಹುದಿತ್ತು. ಜನರಿಗೆ ಉತ್ತರ ಕೊಡುವುದು ನನಗೂ ಬರುತ್ತದೆ. ತನಗೇ ಅನ್ನಿಸುತ್ತದೆ ಎಂದವಳ ಹತ್ತಿರ ಏನು ವಾದ? ಚಿಕ್ಕಪ್ಪನ ಮಗಳನ್ನು ಕರೆಯೋಣ ಎಂದು ಅವಳೇ ದಾರಿಯನ್ನೂ ತೋರಿಸಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೀನು ಉಕ್ಕಿಸದಿದ್ದರೆ ಆ ಮನೆಯ ಬಾಗಿಲು ಮುಚ್ಚಿಯೇ ಇರಲಿ ಎಂದು ಹೇಳಿ, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಎದ್ದುಬಂದೆ. ಹಠದಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು. ಗೊತ್ತಾದ ದಿನ ಸುಮ್ಮನೆ ಕಳೆದುಹೋಯಿತು, ಹಿಂದೆಯೇ ಮಳೆ ಹಿಡಿಯಿತು.

ಅಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ನಾನು ಕುಬಟೂರಿಗೆ ಹೋಗಿ ಬರಬೇಕಾಗುತ್ತದೆ.

ನಾವು ಹುಟ್ಟಿದ್ದು ಕುಬಟೂರಿನಲ್ಲಿ. ಅಲ್ಲಿಯ ಹಳೆಯ ಕಲ್ಲು ದೇವಸ್ಥಾನದೊಳಗೆ ಬೇಸಿಗೆಯಲ್ಲೂ ಒಂದು ತಣ್ಣನೆಯ ವಾಸನೆ ಇರುತ್ತಿತ್ತು, ಬಾವಲಿ, ಎಣ್ಣೆ, ಹಸಿ ಕಲ್ಲು ಎಲ್ಲ ಸೇರಿದ್ದು. ನಾನು ಅಲ್ಲಿ ಕಂಬಗಳ ಮರೆಯಲ್ಲಿ ಆಡಿ ಬಂದರೆ ಅಕ್ಕ ನನ್ನ ತಲೆ ಮೂಸಿ, ಮತ್ತೆ ದೇವಸ್ಥಾನಕ್ಕೆ ಹೋಗಿದ್ದೆಯಲ್ಲ ಎಂದು ಕಿವಿ ಹಿಂಡುತ್ತಿದ್ದಳು. ಕೆರೆಗೆ ಹೋಗಿದ್ದು, ಬೆಲ್ಲ ಕದ್ದಿದ್ದು, ಯಾರದೋ ಹೊಲದ ಸವತೆಕಾಯಿ ತಿಂದಿದ್ದು ಎಲ್ಲವೂ ಅವಳ ಮೂಗಿಗೆ ಗೊತ್ತಾಗುತ್ತಿತ್ತು. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು, ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕನಿಗೆ ಆಗ ಹದಿನೆಂಟು. ಮರುವರ್ಷ ಹೊಸಬಾಳೆಗೆ ಮದುವೆಯಾಗಿ ಹೋಗುವಾಗ ಅವಳು ನನ್ನನ್ನೂ ಕರೆದುಕೊಂಡು ಹೋದಳು. ಹೆಂಡತಿಯ ಜೊತೆಗೆ ಮೂಗು ಸುರಿಸುವ ಮೈದುನನೂ ಬಂದದ್ದನ್ನು ಕಂಡು ನಮ್ಮ ಭಾವ ಹುಬ್ಬು ಕೂಡ ಏರಿಸಲಿಲ್ಲ, ಗಾಡಿಯಲ್ಲಿ ನನಗೆ ತಮ್ಮ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಹತ್ತನೆಯ ತರಗತಿ ಮುಗಿಯುವವರೆಗೆ ನಾನು ಉಂಡದ್ದು ಆ ಮನೆಯ ಅನ್ನ.

ಶಾಲೆಗೆ ನನಗಿದ್ದದ್ದು ಒಂದೇ ಬಿಳಿ ಅಂಗಿ, ಒಂದೇ ಖಾಕಿ ಚಡ್ಡಿ. ಮಳೆಗಾಲದಲ್ಲಿ ನೆನೆಯದೆ ಮನೆಗೆ ಬರುವ ದಿನವೇ ಇರಲಿಲ್ಲ. ಅಕ್ಕ ಸಂಜೆ ಅದನ್ನು ಒಗೆದು, ಕೆಂಡ ತುಂಬಿದ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಅಂಗಿ ಹರವುತ್ತಿದ್ದಳು. ಕೆಂಡಕ್ಕೆ ಒಂದು ಚಿಟಿಕೆ ಲೋಬಾನ. ಮನೆಯ ಕೂಸುಗಳ ಬಟ್ಟೆಗೆ ಹೊಗೆ ಹಾಕುವ ಹಾಗೆಯೇ ನನ್ನ ಅಂಗಿಗೂ. ಬೆಳಿಗ್ಗೆ ಅಂಗಿಯ ಕೊರಳಪಟ್ಟಿಯನ್ನು ಎಡಗೆನ್ನೆಗೆ ಒತ್ತಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಹಸಿ ಇದೆಯೋ ಇಲ್ಲವೋ ಕೈಗೆ ತಿಳಿಯುವುದಿಲ್ಲ, ಕೈ ಸುಳ್ಳು ಹೇಳುತ್ತದೆ, ಕೆನ್ನೆ ಹೇಳುವುದಿಲ್ಲ ಎಂಬುದು ಅವಳ ಶಾಸ್ತ್ರ. ಆಮೇಲೆ ಅಂಗಿಯನ್ನು ನನ್ನತ್ತ ಚಾಚಿ, "ಒಣಗೈತೆ. ಹಾಕ್ಕ ತಮ್ಮಾ," ಎನ್ನುತ್ತಿದ್ದಳು. ಶಾಲೆಯಲ್ಲಿ ನನಗೆ ಧೂಪದಾರತಿ ಎಂದು ಹೆಸರಿಟ್ಟಿದ್ದರು. ಅಳುತ್ತಾ ಬಂದು ಹೇಳಿದರೆ ಅಕ್ಕ, ಹಸಿ ಅಂಗಿ ಹಾಕಿಕೊಂಡು ಸೀನುವ ಹುಡುಗರಿಗೇನು ಗೊತ್ತು ಎಂದುಬಿಡುತ್ತಿದ್ದಳು.

ಇಂಥವಳು ನನ್ನ ಒಲೆ ಹಚ್ಚಲು ತನ್ನ ಕೈ ಆಗದು ಎಂದಳು. ಸಿಟ್ಟು ಬಾರದೆ ಇರುತ್ತದೆಯೇ?

ಮನೆಯ ಕಡೆ ಬರೋಣ. ಮಳೆ ಹಿಡಿದ ಸುದ್ದಿ ಕೇಳಿದ್ದೇ ನಾನು ಶಿರಾಳಕೊಪ್ಪಕ್ಕೆ ಹೋಗಿ ಖಾಲಿ ಮನೆಯನ್ನು ಭದ್ರ ಮಾಡಿದೆ. ಎಲ್ಲ ಕಿಟಕಿ ಹಾಕಿ, ಸಂದುಗಳಿಗೆ ಹಳೆಯ ಪತ್ರಿಕೆ ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿದೆ. ಗೋಡೆಯ ಮೇಲಿನ ಗಾಳಿಕಿಂಡಿಗಳಿಗೆ ಪ್ಲಾಸ್ಟಿಕ್ ಹಾಳೆ ಬಡಿದೆ. ಬಚ್ಚಲಿನ ತೂಬಿಗೆ ಗೋಣಿ ತುಂಡು ಇಟ್ಟೆ. ಹೊರಗೆ ನಿಂತು ಬೀಗ ಎಳೆದು ನೋಡಿದಾಗ, ಒಂದು ಒಳ್ಳೆಯ ದಫ್ತರ ಕಟ್ಟಿದ ದಿನ ಆಗುವಂಥ ಸಮಾಧಾನವಾಯಿತು. ಬೀಗದ ಕಣ್ಣಿಗೆ ಸ್ವಲ್ಪ ಹತ್ತಿ ತುರುಕುವುದನ್ನೂ ಮರೆಯಲಿಲ್ಲ.

ಮೂರು ವಾರ ಬಿಟ್ಟು ಗಿರಿಜೆಯ ಜೊತೆ ಹೋದಾಗ ಬಾಗಿಲು ಉಬ್ಬಿ ಕೂತಿತ್ತು. ಹೆಗಲು ಕೊಟ್ಟು ನೂಕಿ ಒಳಗೆ ಬಿದ್ದೆ. ಮೂಗಿಗೆ ಹೊಡೆದ ವಾಸನೆ ನನಗೆ ಚೆನ್ನಾಗಿ ಪರಿಚಯವಿದ್ದದ್ದು. ದಾಖಲೆ ಕೋಣೆಯಲ್ಲಿ ಎಷ್ಟೋ ವರ್ಷ ಯಾರೂ ಮುಟ್ಟದ ಪೆಟ್ಟಿಗೆ ತೆರೆದಾಗ ಬರುವ ಅದೇ ಮುಗ್ಗಲು. ಬಡಗು ಕೋಣೆಯ ಗೋಡೆಯ ತುಂಬ ಕಪ್ಪು ಹಸಿರು ಚುಕ್ಕೆ. ಹೊಸ ಕಪಾಟಿನ ಬಾಗಿಲಿಗೆ ಬಿಳಿ ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲೆ ಬರುವಂಥದ್ದು. ನೆಲದ ಟೈಲ್ಸು ಬೆವರಿತ್ತು. ಗಿರಿಜೆ ಸೆರಗನ್ನು ಮೂಗಿಗೆ ಹಿಡಿದು ಮನೆಯೆಲ್ಲ ಒಂದು ಸುತ್ತು ಬಂದಳು. ಕಪಾಟಿನ ಬೂಷ್ಟನ್ನು ಬೆರಳಲ್ಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು.

ಮನೆ ಕಟ್ಟಿದ ಮೇಸ್ತ್ರಿ ನಾಗಪ್ಪನನ್ನು ಕರೆಸಿದೆ. ಅವನು ಗೋಡೆಗಿಂತ ಹೆಚ್ಚು ಹೊತ್ತು ನನ್ನ ಅಂಟುಪಟ್ಟಿಗಳನ್ನೇ ನೋಡಿದ.

"ಇದಕ್ಕ ಮೂರು ತಿಂಗಳು ನೀರು ಕುಡಿಸೇವ್ರಿ ಸರ," ಎಂದ. "ಆ ನೀರು ಹೊರಗ ಬರಾಕ ದಾರಿ ಬೇಕಲ್ರಿ? ನೀವು ಗ್ವಾಡಿ ಬಾಯಿಗೇ ಬಟ್ಟಿ ಕಟ್ಟೀರಿ."

ಸಿಮೆಂಟು ಪೂರ್ತಿ ಆರುವ ಮೊದಲೇ, ಗೃಹಪ್ರವೇಶದ ಅವಸರಕ್ಕೆ ಬಣ್ಣ ಬಳಿಸಿದ್ದು ನನ್ನ ಮೊದಲ ತಪ್ಪು. ಹೊರಗಿನ ತೇವ ಒಳಗೆ ಬರಬಾರದೆಂದು ಬಿಗಿದು, ಒಳಗಿನ ತೇವವನ್ನೇ ಕೂಡಿಹಾಕಿದ್ದು ಎರಡನೆಯದು. ದಫ್ತರದೊಳಗೆ ಹೋಗುವ ಕಾಗದ ಮೊದಲೇ ಒಣಗಿರುತ್ತದೆ ಎಂಬ ಸಣ್ಣ ಸಂಗತಿ ಇಷ್ಟು ವರ್ಷದಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ನಾಗಪ್ಪ ಬಡಗು ಕೋಣೆಯ ಬಣ್ಣ ಹೆರೆದು ಬರೀ ಸುಣ್ಣ ಬಳಿಯೋಣ, ಸುಣ್ಣವಾದರೆ ಗೋಡೆಗೆ ಉಸಿರಾಡಲು ಬಿಡುತ್ತದೆ ಎಂದ. ಅದರ ಜೊತೆಗೆ ಮಳೆ ನಿಂತಾಗೆಲ್ಲ ಕಿಟಕಿ ತೆರೆಯಬೇಕು, ದಿನಾ ಒಲೆ ಉರಿಯಬೇಕು, ಜನ ಓಡಾಡಬೇಕು, ಜನ ಇರುವ ಮನೆಗೆ ಬೂಷ್ಟು ಅಷ್ಟು ಸುಲಭಕ್ಕೆ ಬರುವುದಿಲ್ಲ ಎಂದ. ಒಲೆಯ ಮಾತು ಬಂದಾಗ ಗಿರಿಜೆ ನನ್ನ ಮುಖ ನೋಡಿದಳು. ನಾನು ಕಿಟಕಿಯ ಆಚೆ ನೋಡಿದೆ.

ಸುಣ್ಣಕ್ಕೆ ಗೋಡೆ ಇನ್ನಷ್ಟು ಆರಬೇಕಿತ್ತು. ಒಲೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮಾಡಿದೆ. ಗಿರಿಜೆಯ ತಮ್ಮ ದಿನಾ ಬೆಳಿಗ್ಗೆ ಕಿಟಕಿ ತೆರೆದು ಸಂಜೆ ಹಾಕುತ್ತಿದ್ದ. ಪ್ರತಿ ಭಾನುವಾರ ನಾನು ಸೊರಬದಿಂದ ಬಸ್ಸಿಗೆ ಹೋಗಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಗೋಡೆ ಒರೆಸಿ ಬರುತ್ತಿದ್ದೆ. ಮುಂದಿನ ಭಾನುವಾರಕ್ಕೆ ಅದೇ ಜಾಗದಲ್ಲಿ ಚುಕ್ಕೆಗಳು ಹಾಜರ್. ಮದ್ದು ಹೇಳದವರೇ ಇಲ್ಲ. ಬಟ್ಟಲುಗಳಲ್ಲಿ ಕಲ್ಲುಪ್ಪು ಇಡಿ ಎಂದರು ಒಬ್ಬರು, ಇದ್ದಿಲು ಇಡಿ ಎಂದರು ಇನ್ನೊಬ್ಬರು, ಬೇವಿನ ಸೊಪ್ಪು, ಕರ್ಪೂರ ಎಂದರು ಪಕ್ಕದ ಮನೆಯವರು. ಬಸ್ಸಿನ ಕಂಡಕ್ಟರು ಕೂಡ ಟಿಕೆಟು ಹರಿಯುತ್ತಾ ನುಸಿಗುಳಿಗೆ ಶಿಫಾರಸು ಮಾಡಿದರು. ನಾನು ಯಾರಿಗೂ ಬೇಸರ ಮಾಡುವವನಲ್ಲ, ಎಲ್ಲವನ್ನೂ ಇಟ್ಟೆ. ಮೂಲೆಮೂಲೆಗೆ ಉಪ್ಪು, ಇದ್ದಿಲು, ಸೊಪ್ಪು, ಗುಳಿಗೆಗಳನ್ನು ಕಂಡು ಮೀಟರು ನೋಡಲು ಬಂದಾತ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದ. ವಾರ ಕಳೆಯುವಷ್ಟರಲ್ಲಿ ಉಪ್ಪು ನೀರಾಗಿ ಬಟ್ಟಲಿನಿಂದ ಹರಿದಿರುತ್ತಿತ್ತು.

ಒಂದು ಭಾನುವಾರ ಒರೆಸುವ ಬಟ್ಟೆ ಹಿಂಡುತ್ತಾ ಗಿರಿಜೆ ಅಂದಳು: "ಅಕ್ಕ ತಮ್ಮ ಸೇರಿ ಹಟ ಮಾಡ್ತೀರಿ. ಕೊಳೆಯೋದು ಮಾತ್ರ ಗೋಡೆ."

ಆ ಮಾತು ಕೇಳಿ ಅವತ್ತೇ ಶಿರಾಳಕೊಪ್ಪದಿಂದ ನಾನೊಬ್ಬನೇ ಹೊಸಬಾಳೆಗೆ ಹೋದೆ. ಸೋಲೊಪ್ಪಿಕೊಳ್ಳಲು ಹೋದೆನೇ, ಇನ್ನೊಮ್ಮೆ ಜಗಳವಾಡಲು ಹೋದೆನೇ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದ ಅಕ್ಕ ಬಾ ಎನ್ನುವ ಮೊದಲೇ ನನ್ನ ಹೆಗಲಿನ ಹತ್ತಿರ ಬಗ್ಗಿ ಮೂಸಿದಳು. ಐವತ್ತು ವರ್ಷದ ಹಿಂದಿನ ಹಾಗೆಯೇ ನನ್ನ ಕೈ ತಾನಾಗಿ ಕಿವಿಗೆ ಹೋಯಿತು.

"ಹಳೇ ದೇವಸ್ಥಾನದ ವಾಸನೆ ಹೊಡೀತಿದೀಯಲ್ಲ. ಎಲ್ಲಿಗೆ ಹೋಗಿದ್ದೆ?"

ಹೊಸ ಮನೆಗೆ ಎಂದೆ. ಯಾವ ಗೋಡೆ ಎಂದು ಕೇಳಿದಳು. ಬಡಗು ಕೋಣೆಯದು ಎಂದೆ. ಎಷ್ಟು ದಿನವಾಯಿತು ಎಂದಳು. ಹೇಳಿದೆ. ಹಾಲಿನ ಮಾತೆತ್ತದೆ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಸಿದಳು, ಮಜ್ಜಿಗೆ ಕೊಟ್ಟಳು, ಈ ಸಲ ಕುಡಿದೆ. ನನ್ನ ಅಕ್ಕ ಜಗ್ಗುವವಳಲ್ಲ ಎಂದುಕೊಂಡು ಸೊರಬಕ್ಕೆ ವಾಪಸಾದೆ.

ಮುಂದಿನ ಭಾನುವಾರ ಹೋಗುವಾಗ ಗಿರಿಜೆಯ ಕೈಯಲ್ಲೊಂದು ಭಾರದ ಚೀಲವಿತ್ತು. ಏನೆಂದು ಕೇಳಿದರೆ ಹೇಳಲಿಲ್ಲ. ನಾವು ಕಿಟಕಿ ತೆರೆದು ಕೂತು ಅರ್ಧ ಗಂಟೆಯಾಗಿರಬೇಕು, ಬಾಗಿಲ ಮುಂದೆ ಒಂದು ಲಗೇಜು ಆಟೋ ನಿಂತಿತು. ಅಕ್ಕನ ಮಗ ಇಳಿದು ಎರಡು ಚೀಲ ಇದ್ದಿಲು ಇಳಿಸಿದ. ಆಮೇಲೆ ಒಂದು ಕಬ್ಬಿಣದ ಅಗ್ಗಿಷ್ಟಿಕೆ. ಆಮೇಲೆ ಅಕ್ಕ.

ಅವಳು ಆ ಮನೆ ನೋಡುತ್ತಿದ್ದದ್ದು ಅದೇ ಮೊದಲು. ಹೊಸ್ತಿಲು ದಾಟಿ ನಿಂತು ಮೂಗರಳಿಸಿ ಮೂಸಿದಳು. ನಡುಮನೆ ನೋಡಲಿಲ್ಲ, ನಾನು ಆಸೆಪಟ್ಟು ಮಾಡಿಸಿದ್ದ ದೇವರ ಗೂಡನ್ನೂ ನೋಡಲಿಲ್ಲ, ಸೀದಾ ಬಡಗು ಕೋಣೆಗೆ ಹೋಗಿ ಗೋಡೆಗೆ ಕೆನ್ನೆ ಇಟ್ಟಳು. ತಕ್ಷಣ ತೆಗೆದಳು. ಮಳೆಯಲ್ಲಿ ನೆಂದು ಬಂದ ಮಗುವನ್ನು ಬೈಯುವ ಹಾಗೆ ನನ್ನನ್ನು ಬೈದಳು. ನನ್ನ ಕಪಾಟು, ನನ್ನ ಬುದ್ಧಿ, ನನ್ನ ಮೂವತ್ತೆರಡು ವರ್ಷದ ನೌಕರಿ ಯಾವುದನ್ನೂ ಬಿಡಲಿಲ್ಲ. ಬೈಯುತ್ತಲೇ ಅಗ್ಗಿಷ್ಟಿಕೆಗೆ ಇದ್ದಿಲು ಸುರಿದು, ಗಿರಿಜೆಯ ಕಡೆ ಕೈ ಚಾಚಿ ಬೆಂಕಿಪೊಟ್ಟಣ ಕೇಳಿದಳು.

ಗಿರಿಜೆ ಕೊಡಲಿಲ್ಲ. "ಹಾಲು ಉಕ್ಕದೆ ಇಲ್ಲಿ ಕೆಂಡ ಹೆಂಗೆ ಮಾಡೋದು ಅತ್ತಿಗೆ?" ಎಂದಳು.

ಅಕ್ಕನ ಚಾಚಿದ ಕೈ ಅಲ್ಲೇ ನಿಂತಿತು. ಬಂದ ಅವಸರದಲ್ಲಿ ಅವಳಿಗೆ ಅದು ಮರೆತೇ ಹೋಗಿತ್ತು. ಹಾಗಾದರೆ ನೀನೇ ಒಂದು ಲೋಟ ಇಟ್ಟು ಉಕ್ಕಿಸಿಬಿಡು ಎಂದಳು. ತಾನು ಈ ಮನೆತನಕ್ಕೆ ಬಂದವಳು, ಮನೆಮಗಳಲ್ಲ, ತಾನು ಉಕ್ಕಿಸುವುದಿಲ್ಲ ಎಂದು ಗಿರಿಜೆ ತಣ್ಣಗೆ ಹೇಳಿ, ತನ್ನ ಭಾರದ ಚೀಲದಿಂದ ಒಂದೊಂದೇ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಪುಟ್ಟ ಗ್ಯಾಸ್ ಒಲೆ, ಅರಿಸಿನ ಹಚ್ಚಿದ ಪಾತ್ರೆ, ಹಾಲು. ಅಕ್ಕ ಬರುವುದು ನನಗೆ ಗೊತ್ತಿರಲಿಲ್ಲ. ಗಿರಿಜೆಗೆ ಗೊತ್ತಿತ್ತು. ಅಕ್ಕನ ಸೊಸೆಯ ಜೊತೆ ವಾರವೆಲ್ಲ ಫೋನಿನಲ್ಲಿ ಗುಸುಗುಸು ನಡೆದಿತ್ತು ಎಂದು ಆಮೇಲೆ ತಿಳಿಯಿತು.

ಅಕ್ಕ ಒಲೆಯನ್ನು ನೋಡಿದಳು, ಬಡಗು ಕೋಣೆಯ ಕಡೆ ನೋಡಿದಳು. ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು. ನಾನು ಅಷ್ಟು ದಿನ ಅದನ್ನು ಹಠ ಎಂದುಕೊಂಡಿದ್ದೆ.

"ನಾಳೆ ನಿಮಗೇನಾರ ಆದ್ರೆ?" ಎಂದಳು, ಬಹಳ ಮೆಲ್ಲಗೆ.

"ನನಗೆ ಆರು ವರ್ಷ ಇದ್ದಾಗಿಂದ ನೀನು ಹಚ್ಚಿದ ಒಲೆ ಮೇಲೆ ಬೆಳೆದೀನಿ," ಎಂದೆ. "ಭಾವ ಹೋದ ಮೇಲೂ ಎಲ್ಲ ಹಬ್ಬಕ್ಕೆ ನೀನು ಮಾಡಿದ್ದೇ ಉಂಡೀನಿ. ನನಗೇನಾಗೈತೆ ಹೇಳು?"

ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಬುದ್ಧಿ ಬೆಳೀಲಿಲ್ಲ," ಎಂದಳು. "ಅಷ್ಟೇ."

ಆಮೇಲೆ ಕೈ ತೊಳೆದುಕೊಂಡು ಬಂದು ಕಡ್ಡಿ ಗೀರಿದಳು. ಆಷಾಢ ಮಾಸ, ಮುಹೂರ್ತವಿಲ್ಲ, ಪುರೋಹಿತರಿಲ್ಲ, ನೆಂಟರಿಲ್ಲ. ಅಕ್ಕ ಉಟ್ಟದ್ದು ಗದ್ದೆಗೆ ಉಡುವ ಸೀರೆ. ನಾವು ನಾಲ್ವರೂ ಪಾತ್ರೆಯನ್ನೇ ನೋಡುತ್ತಾ ನಿಂತೆವು. ಹಾಲು ಏರಿತು, ಅಂಚಿಗೆ ಬಂದು ಒಂದು ಗಳಿಗೆ ತಡೆದು, ಮೂಡಣ ದಿಕ್ಕಿಗೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಗಿರಿಜೆ ಕೈಮುಗಿದಳು. ನಾನು ಕಣ್ಣೊರೆಸಿಕೊಂಡೆ, ಹೊಗೆ ಎಂದು ಸುಳ್ಳು ಹೇಳಲು ಅಲ್ಲಿ ಹೊಗೆಯೂ ಇರಲಿಲ್ಲ. ಅಕ್ಕ ಮಾತ್ರ ಉಕ್ಕಿದ ಹಾಲಿಗೊಮ್ಮೆ ನಮಸ್ಕಾರ ಮಾಡಿ, ಅದೇ ಒಲೆಯ ಉರಿಗೆ ಒಂದು ಇದ್ದಿಲು ಹಿಡಿದು ಕೆಂಡ ಮಾಡಿಕೊಂಡು ಅಗ್ಗಿಷ್ಟಿಕೆಯ ಕಡೆ ನಡೆದಳು. ಅವಳಿಗೆ ಕೆಲಸವಿತ್ತು.

ಅಲ್ಲಿಂದ ಆಷಾಢ ಮುಗಿಯುವವರೆಗೆ ಪ್ರತಿ ಭಾನುವಾರ ಅಕ್ಕ ಬಂದಳು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕೋಣೆಯಿಂದ ಕೋಣೆಗೆ ಅಗ್ಗಿಷ್ಟಿಕೆ ಜರುಗಿಸುವುದು, ಕೆಂಡಕ್ಕೆ ಒಂದು ಚಿಟಿಕೆ ಲೋಬಾನ ಉದುರಿಸುವುದು ಅವಳ ಕೆಲಸ. ದಿನಾ ಒಲೆ ಹಚ್ಚಲು ಈಗ ಅಡ್ಡಿಯಿಲ್ಲದ್ದರಿಂದ ಗಿರಿಜೆ ತವರಿನಲ್ಲೇ ಉಳಿದು, ಎರಡೂ ಹೊತ್ತಿನ ಅಡುಗೆಯನ್ನು ಹೊಸ ಮನೆಯಲ್ಲೇ ಮಾಡತೊಡಗಿದಳು. ನಾಗಪ್ಪ ಬಡಗು ಗೋಡೆಯ ಬಣ್ಣ ಹೆರೆದು, ಅದು ಆರಿದ ಮೇಲೆ ಸುಣ್ಣ ಬಳಿದ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆವು. ನಾನು ಅಂಟುಪಟ್ಟಿಗಳನ್ನು ಒಂದೊಂದಾಗಿ ಕಿತ್ತೆ. ಅವು ಬರುವಾಗ ಕಿಟಕಿಯ ಬಣ್ಣವನ್ನೂ ಕಿತ್ತುಕೊಂಡು ಬಂದವು. ಅಷ್ಟು ಬಿಗಿಯಾಗಿ ಅಂಟಿಸಿದ್ದೆ.

ಶ್ರಾವಣದ ಮೊದಲ ಭಾನುವಾರ ಸ್ವಲ್ಪ ಬಿಸಿಲು ಬಂದಿತ್ತು. ಅಕ್ಕ ಬಂದವಳೇ ಎಂದಿನಂತೆ ಬಡಗು ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ, ಶಾಲೆಗೆ ಹೊತ್ತಾಯಿತೆಂದು ಬರಿಮೈಯಲ್ಲಿ ಕಾಯುತ್ತಿದ್ದ ಹಾಗೆ. ಅವಳು ಸುಣ್ಣದ ಗೋಡೆಗೆ ಎಡಗೆನ್ನೆ ಒತ್ತಿ ಕಣ್ಣು ಮುಚ್ಚಿದಳು. ಈ ಸಲ ಬೇಗ ತೆಗೆಯಲಿಲ್ಲ. ಅಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಣಗೈತೆ," ಎಂದಳು. "ಬಂದಿರು ತಮ್ಮಾ."

ಅವಳ ಕೆನ್ನೆಯ ತುಂಬ ಬಿಳಿಯ ಸುಣ್ಣ ಹತ್ತಿತ್ತು.